ವಾಸನಾಕ್ಷಯವೂ ಹಳೆಯ ಚಿತ್ರಗಳೂ

ಡೊಂಬಿವಲಿಯ ಪೂರ್ವಭಾಗದಲ್ಲಿ, ನಿಲ್ದಾಣದಿಂದ ಹತ್ತು ನಿಮಿಷದ ನಡಿಗೆಯಷ್ಟು ದೂರದ ಒಂದು ಮೂರಂತಸ್ತಿನ ಹಳೆಯ ಕಟ್ಟಡದಲ್ಲಿ, ನನ್ನ ಸ್ನೇಹಿತನೊಬ್ಬನು ತನ್ನ ಪುಟ್ಟ ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ, ಧ್ವನಿಗ್ರಹಣಕ್ಕೆ ಅಡ್ಡಿಯಾಗದಿರಲೆಂದು ಫ್ಯಾನನ್ನು ಆರಿಸಿ, ಅಡುಗೆಮನೆಯ ಕುಕ್ಕರು ಮೂರನೆಯ ಸೀಟಿ ಹಾಕಿ ಸುಮ್ಮನಾಗುವುದನ್ನೇ ಕಾಯುತ್ತ ನಿಂತಿದ್ದಾಗ, ಆ ಮನೆಯ ಯಜಮಾನರಾದ ಎಂಬತ್ತೆರಡು ವರ್ಷದ ವೃದ್ಧರು ನನ್ನ ಕಡೆಗೆ ತಿರುಗಿ, “ಮಾಷ್ಟ್ರೇ, ನೀವು ನಾಲ್ಕಕ್ಷರ ಓದಿದವರು, ಒಂದು ಕೇಳ್ತೇನೆ. ಈ ಪ್ರಾಯದಲ್ಲಿ ರಾಮಾ ಕೃಷ್ಣಾ ಅನ್ನುವುದು ಬಿಟ್ಟು ಪಿಕ್ಚರ್ ಪಿಕ್ಚರ್ ಅಂತ ಕೂತಿದ್ದೇನಲ್ಲ, ಇದು ವಾಸನೆಯಲ್ಲವೋ? ಹೋಗುವಾಗ ಇದನ್ನೂ ಕಟ್ಟಿಕೊಂಡೇ ಹೋಗಬೇಕಾದೀತೋ?” ಎಂದು ಕೇಳಿದರು.

ಆ ಹೊತ್ತಿಗೆ ಕ್ಯಾಮೆರಾ ಇನ್ನೂ ಚಾಲೂ ಆಗಿರಲಿಲ್ಲ. ಅದೇ ಮಾತನ್ನು ಇನ್ನೊಮ್ಮೆ ಹೇಳಿರೆಂದು ಸ್ನೇಹಿತನು ಎಷ್ಟು ಬೇಡಿಕೊಂಡರೂ ಅವರು ಅದನ್ನು ಮೊದಲಿನಂತೆ ಹೇಳಲಾರದೆ, ಸಭೆಯಲ್ಲಿ ಭಾಷಣಕ್ಕೆ ನಿಂತವರ ಹಾಗೆ ಗಂಟಲು ಸರಿಪಡಿಸಿಕೊಂಡು ದಿಲೀಪ್ ಕುಮಾರರ ಗುಣಗಾನಕ್ಕೆ ತೊಡಗಿದರು. ಹೀಗಾಗಿ, ಹಳೆಯ ಚಿತ್ರಗಳನ್ನು ಪ್ರೀತಿಸುವ ವೃದ್ಧರನ್ನು ಕುರಿತು ಅವನು ತೆಗೆಯುತ್ತಿರುವ ಸಾಕ್ಷ್ಯಚಿತ್ರದಲ್ಲಿ ಇರಲೇಬೇಕಾಗಿದ್ದ ವಾಕ್ಯವು ಅದರಲ್ಲಿಲ್ಲ. ನಾನು ಆ ದಿನ ಏನೋ ಹಾರಿಕೆಯ ಉತ್ತರವನ್ನು ಕೊಟ್ಟು, ಚಹಾ ಕುಡಿದು, ಮನೆಗೆ ಬಂದೆನು. ಆ ಸಾಲವನ್ನು ತೀರಿಸುವ ಯತ್ನವೇ ಈ ಬರೆಹ.

ಅವರು ಉಡುಪಿಯ ಕಡೆಯವರು. ಹದಿಮೂರನೆಯ ವಯಸ್ಸಿನಲ್ಲಿ ಮುಂಬಯಿಗೆ ಬಂದು ಕೋಟೆಯ ಭಾಗದ ಒಂದು ಹೋಟೆಲಿನಲ್ಲಿ ಮಾಣಿಯಾಗಿ ಮೇಜು ಒರೆಸಿ, ರಾತ್ರಿಶಾಲೆಯಲ್ಲಿ ಕನ್ನಡ ಇಂಗ್ಲಿಷು ಕಲಿತು, ವಾರದ ರಜೆಯ ದಿವಸ ನೆಲದ ದರ್ಜೆಯ ಟಿಕೇಟು ಹಿಡಿದು ಪಿಕ್ಚರ್ ನೋಡಿದ ಆ ಕಾಲದ ನೂರಾರು ಹುಡುಗರಲ್ಲಿ ಒಬ್ಬರು. ಅಂಥವರ ಸಂಸಾರಗಳು ಬೆಳೆದಂತೆ ಚಾಳಿನ ಕೋಣೆಗಳು ಸಾಲದಾಗಿ, ರೈಲು ಹೋದ ಕಡೆಗೆ ಅವರೂ ಹೋದರು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಥಾಣೆಗೆ 34 ಕಿಲೋಮೀಟರು ಓಡಿದ ದೇಶದ ಮೊದಲ ಪ್ರಯಾಣಿಕರ ಗಾಡಿಯು ಮರುವರ್ಷ ಕಲ್ಯಾಣವನ್ನು ಮುಟ್ಟಿದುದು ಯಾವ ಉದ್ದೇಶದಿಂದಲೋ, ನೂರು ವರ್ಷದ ತರುವಾಯ ಅದೇ ಹಳಿಯ ಅಂಚಿನಲ್ಲಿ ಕನ್ನಡಿಗರ ಮನೆಗಳು ಎದ್ದವು. 1970ರಲ್ಲಿ ಸಿಡ್ಕೋ ಸಂಸ್ಥೆಯು ಹುಟ್ಟಿ ಖಾರಿಯ ಆಚೆಗೆ ನವಿ ಮುಂಬಯಿಯನ್ನು ಕಟ್ಟತೊಡಗಿದ ಮೇಲೆ ವಾಶಿ, ನೆರುಲ್‌ಗಳಲ್ಲಿಯೂ ಎದ್ದವು. ಕಡೆಯ ಲೋಕಲ್ ತಪ್ಪೀತೆಂಬ ಭಯದಿಂದ ಸೆಕೆಂಡ್ ಷೋವಿನ ಕೊನೆಯ ಹತ್ತು ನಿಮಿಷವನ್ನು ಎಂದೂ ನೋಡದೆ ಎದ್ದು ಓಡಿದ ಒಂದು ತಲೆಮಾರು ಇಲ್ಲಿದೆ. ಅವರಲ್ಲೊಬ್ಬರು ಒಂದು ಪ್ರಸಿದ್ಧ ಚಿತ್ರದ ಮುಕ್ತಾಯವನ್ನು ನಲವತ್ತು ವರ್ಷ ಕಳೆದ ಮೇಲೆ ದೂರದರ್ಶನದಲ್ಲಿ ಕಂಡು, ತಾವು ಮನಸ್ಸಿನಲ್ಲಿಯೇ ಮಾಡಿಕೊಂಡಿದ್ದ ಮುಕ್ತಾಯವು ಇದಕ್ಕಿಂತ ಲೇಸಾಗಿತ್ತೆಂದು ಹೇಳಿದರು. ಅದು ಸುಳ್ಳೂ ಇರಲಾರದು.

ಸ್ನೇಹಿತನು ತನ್ನ ಸಾಕ್ಷ್ಯಚಿತ್ರಕ್ಕೆ ಯಾರಿಂದಲೂ ಹಣ ಪಡೆದವನಲ್ಲ. ವಾರದ ಐದು ದಿನ ಬೇರೆಯವರ ಮದುವೆ ಮುಂಜಿಗಳನ್ನು ಚಿತ್ರಿಸಿ, ಉಳಿದೆರಡು ದಿನ ಥಾಣೆ, ಡೊಂಬಿವಲಿ, ಕಲ್ಯಾಣ, ನೆರುಲ್ ಎಂದು ಅಲೆದು, ಹಳೆಯ ಚಿತ್ರಗಳನ್ನು ಪ್ರೀತಿಸುವ ಮುದುಕರನ್ನೂ ಮುದುಕಿಯರನ್ನೂ ಹುಡುಕುವುದು ಅವನ ಕ್ರಮ. ಅವನ ಕಷ್ಟಗಳೇ ಬೇರೆ. ಮುದುಕರು ಮಾತಾಡುವಾಗ ಹಾಡು ಗುನುಗುವರು. ಆ ಗುನುಗಿಗೂ ಹಕ್ಕುದಾರರು ಇರುವರು. 1957ರ ಗ್ರಂಥಸ್ವಾಮ್ಯ ಕಾಯಿದೆಯಂತೆ ಚಲನಚಿತ್ರದ ಹಕ್ಕು ಬಿಡುಗಡೆಯ ಮುಂದಿನ ವರ್ಷದಿಂದ 60 ವರ್ಷ ನಡೆದು ಆಮೇಲೆ ಅದು ಸರ್ವರ ಸ್ವತ್ತಾಗುವುದಾದರೂ, ಹಾಡಿನ ಸಾಹಿತ್ಯದ ಹಕ್ಕು ಕವಿಯ ಮರಣಾನಂತರ ಅಷ್ಟೇ ಕಾಲ ಉಳಿಯುವುದು. ಕಾವ್ಯಮೀಮಾಂಸಕರು ಸಾಧಾರಣೀಕರಣವೆಂದು ಕರೆದ ವ್ಯಾಪಾರವು, ಎಂದರೆ ಒಬ್ಬರ ಸುಖದುಃಖವು ಯಾರದೂ ಅಲ್ಲದೆ ಎಲ್ಲರದಾಗುವ ಕ್ರಿಯೆಯು, ರಂಗಮಂದಿರದಲ್ಲಿ ಒಂದು ಕ್ಷಣದಲ್ಲಿ ನಡೆದುಹೋಗುವುದು. ಕಾನೂನಿಗೆ ಅದಕ್ಕೆ ಅರುವತ್ತು ವರ್ಷ ಬೇಕು.

ಇನ್ನು ವೃದ್ಧರ ಪ್ರಶ್ನೆಗೆ ಬರುತ್ತೇನೆ. ‘ವಾಸನೆ’ ಎಂಬ ಪದವನ್ನು ಅವರು ಹರಿಕಥೆಗಳಲ್ಲಿ ಕೇಳಿ ಬಲ್ಲವರು; ಅಲ್ಲಿ ಅದಕ್ಕೆ ಒಳ್ಳೆಯ ಹೆಸರಿಲ್ಲ. ಹಿಂದಿನ ಅನುಭವಗಳು ಚಿತ್ತದಲ್ಲಿ ಬಿಟ್ಟುಹೋದ ಲೇಪವು ವಾಸನೆ. ಅದು ಮತ್ತೆ ಬಯಕೆಯಾಗಿ ಮೊಳೆತು ಜೀವನನ್ನು ಮರಳಿ ಮರಳಿ ಸಂಸಾರಕ್ಕೆ ಎಳೆಯತಕ್ಕದ್ದು. ಶೃಂಗೇರಿಯ ಪೀಠವನ್ನು ಅಲಂಕರಿಸಿದ ವಿದ್ಯಾರಣ್ಯರು ತಮ್ಮ ‘ಜೀವನ್ಮುಕ್ತಿವಿವೇಕ’ದಲ್ಲಿ ತತ್ತ್ವಜ್ಞಾನ, ಮನೋನಾಶ, ವಾಸನಾಕ್ಷಯ ಎಂಬ ಮೂರನ್ನೂ ಒಟ್ಟಿಗೆ ಅಭ್ಯಸಿಸಬೇಕೆಂದು ವಿಧಿಸಿದ್ದಾರೆ. ಆದರೆ ಇದೇ ಪದವು ಕಾಶ್ಮೀರದ ಅಭಿನವಗುಪ್ತನ ರಸವಿಚಾರದಲ್ಲಿ ತೀರ ಬೇರೆಯಾದ ಸ್ಥಾನದಲ್ಲಿ ಕುಳಿತಿದೆ. ಅಲ್ಲಿ ವಾಸನೆಯು ರಸಿಕನ ಅರ್ಹತೆ: ರತಿ ಶೋಕಾದಿಗಳ ಲೇಪವು ಚಿತ್ತದಲ್ಲಿಲ್ಲದವನಿಗೆ ರಸಾಸ್ವಾದವೇ ಇಲ್ಲ; ಅಂಥವನು ನಾಟ್ಯಗೃಹದಲ್ಲಿ ಕಂಬ ಗೋಡೆಗಳಿಗೆ ಸಮಾನನೆಂದು ನಂತರದ ಆಲಂಕಾರಿಕರು ಹಾಸ್ಯಮಾಡಿದ್ದಾರೆ. ಒಬ್ಬರು ಕಳೆದುಕೊಳ್ಳೆನ್ನುವುದನ್ನು ಇನ್ನೊಬ್ಬರು ಇಟ್ಟುಕೊಂಡು ಬಾ ಎನ್ನುವರು. ಡೊಂಬಿವಲಿಯ ಯಜಮಾನರು ಈ ಇಬ್ಬರ ನಡುವೆ ಸಿಕ್ಕಿಕೊಂಡಿದ್ದರು. ಅವರಿಗೆ ಅದು ತಿಳಿದಿರಲಿಲ್ಲ, ಅಷ್ಟೆ.

ಕಲ್ಯಾಣದಲ್ಲಿ ಧಾರವಾಡದ ಕಡೆಯ ಒಬ್ಬ ಅಜ್ಜಿ ಇದ್ದಾರೆ. ಅವರಿಗೆ ಗುರುದತ್ತರ ‘ಕಾಗಜ್ ಕೆ ಫೂಲ್’ ಅಚ್ಚುಮೆಚ್ಚು. 1959ರಲ್ಲಿ ತೆರೆಕಂಡ ಈ ಚಿತ್ರವು ಭಾರತದ ಮೊದಲನೆಯ ಸಿನೆಮಾಸ್ಕೋಪ್ ಚಿತ್ರವೆಂಬ ಹಿರಿಮೆಯೊಡನೆ ಬಂದು, ಗಲ್ಲಾಪೆಟ್ಟಿಗೆಯಲ್ಲಿ ಸೋತು, ಗುರುದತ್ತರು ತಮ್ಮ ಹೆಸರಿನಲ್ಲಿ ನಿರ್ದೇಶಿಸಿದ ಕೊನೆಯ ಚಿತ್ರವಾಗಿ ಉಳಿಯಿತು. ಅವರು ಹುಟ್ಟಿದುದು ಬೆಂಗಳೂರಿನಲ್ಲಿ. ಚಿತ್ರದ ಛಾಯಾಗ್ರಾಹಕರಾದ ವಿ. ಕೆ. ಮೂರ್ತಿಯವರು ಮೈಸೂರಿನವರು, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಕಲಿತವರು, ಮುಂದೆ 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯನ್ನು ಪಡೆದು, ಆ ಗೌರವಕ್ಕೆ ಪಾತ್ರರಾದ ಮೊದಲ ಛಾಯಾಗ್ರಾಹಕರೆನಿಸಿಕೊಂಡವರು. ಬರಿದಾದ ಸ್ಟುಡಿಯೋದ ಕತ್ತಲೆಯೊಳಕ್ಕೆ ಮೇಲಿನಿಂದ ಇಳಿಯುವ ಆ ಪ್ರಸಿದ್ಧವಾದ ಬೆಳಕಿನ ಸ್ತಂಭವನ್ನು ಅವರು ಯಾವ ದೀಪದಿಂದಲೂ ಮಾಡಲಿಲ್ಲ. ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ಹಿಡಿದು ಒಳಕ್ಕೆ ತಿರುಗಿಸಿದರು. ಒಂದು ಮಧ್ಯಾಹ್ನ ನಮ್ಮೊಡನೆ ಆ ಚಿತ್ರವನ್ನು ನೋಡುತ್ತಿದ್ದ ಅಜ್ಜಿಯು ಆ ದೃಶ್ಯವು ಬಂದಾಗ ಕಣ್ಣೊರೆಸಿಕೊಂಡರು. ನಾಯಕಿಯ ಅವಸ್ಥೆಗೆ ಮರುಗಿದರೆಂದು ತಿಳಿದು ನಾನು ಏನೋ ಸಮಾಧಾನದ ಮಾತಾಡಲು ಹೋದರೆ, “ಇಲ್ಲ ತಮ್ಮಾ, ಆ ಹುಡುಗಿ ಸಲುವಾಗಿ ನಾ ಅಳೂದಿಲ್ಲ. ಆ ಬಿಸಿಲು ನೋಡು, ಧೂಳಿ ಹೆಂಗ ತೇಲ್ಯಾಡ್ತದ. ನಮ್ಮ ಮನ್ಯಾಗ ಬೆಳಕಿಂಡಿಯಿಂದ ಹಿಂಗ ಬಿಸಿಲಕೋಲು ಬೀಳ್ತಿತ್ತು. ನಮ್ಮವ್ವ ಅದರಾಗ ಕೂತು ಅಕ್ಕಿ ಆರಸ್ತಿದ್ಲು,” ಎಂದರು.

ಅಭಿನವಗುಪ್ತನ ಮುಂದೆ ಈ ಅಜ್ಜಿಯನ್ನು ನಿಲ್ಲಿಸಿದರೆ ಆತನು ಏನೆನ್ನುತ್ತಿದ್ದನು? ರಸಾನುಭವಕ್ಕೆ ಒದಗುವ ವಿಘ್ನಗಳನ್ನು ಎಣಿಸುವಾಗ, ನೋಡುವವನು ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿಬಿಡುವುದನ್ನೂ ಅವುಗಳಲ್ಲಿ ಒಂದಾಗಿ ಆತನು ಎಣಿಸಿದ್ದಾನೆ. ಆ ಲೆಕ್ಕದಲ್ಲಿ ಅಜ್ಜಿಯ ಕಣ್ಣೀರು ರಸವಲ್ಲ. ಮನೆಯ ನೆನಪು ಚಿತ್ರವನ್ನು ಬದಿಗೆ ಸರಿಸಿಬಿಟ್ಟಿದೆ. ಹಳೆಯ ಚಿತ್ರಗಳನ್ನು ಪ್ರೀತಿಸುವ ವೃದ್ಧರನ್ನು ಕುರಿತು ವಿಮರ್ಶಕರು ಹೇಳುವ ಮಾತೂ ಇದೇ: ಇವರು ಪ್ರೀತಿಸುವುದು ಚಿತ್ರವನ್ನಲ್ಲ, ತಮ್ಮ ಹರೆಯವನ್ನು.

ಬಹುಕಾಲ ನಾನೂ ಹೀಗೆಯೇ ತಿಳಿದಿದ್ದೆನು. ಆದರೆ ಆ ಮಧ್ಯಾಹ್ನ ಅಜ್ಜಿಯ ಮುಖವನ್ನು ಎರಡು ಮೊಳದ ಅಂತರದಲ್ಲಿ ನೋಡಿದ ಮೇಲೆ ಈ ಆಕ್ಷೇಪವು ಸಡಿಲವಾಯಿತು. ಆ ಮನೆ ಮಾರಿ ಐವತ್ತು ವರ್ಷಗಳಾಗಿವೆ. ಅಲ್ಲಿಗೆ ಹೋಗಬೇಕೆಂಬ ಆಸೆಯಾಗಲಿ, ಅದು ಕೈತಪ್ಪಿತೆಂಬ ವ್ಯಸನವಾಗಲಿ ಅವರ ಧ್ವನಿಯಲ್ಲಿ ಇರಲಿಲ್ಲ. ಅಕ್ಕಿ ಆರಿಸುವ ತಾಯಿಯನ್ನು ಅವರು ತಮ್ಮ ತಾಯಿಯೆಂದು ನೆನೆದರೋ, ಅಕ್ಕಿ ಆರಿಸುವ ಯಾವಳೋ ಒಬ್ಬ ಹೆಣ್ಣುಮಗಳೆಂದು ಕಂಡರೋ ಹೇಳುವುದು ಕಷ್ಟ. ಶಂಕುಕನೆಂಬ ಪ್ರಾಚೀನ ಮೀಮಾಂಸಕನು ನಟನನ್ನು ಚಿತ್ರದಲ್ಲಿ ಬರೆದ ಕುದುರೆಗೆ ಹೋಲಿಸಿದನಷ್ಟೆ: ಅದನ್ನು ನೋಡಿ ಇದು ಕುದುರೆಯೇ ಎಂದು ನಂಬುವುದಿಲ್ಲ, ಕುದುರೆಯಲ್ಲವೆಂದು ತಳ್ಳುವುದಿಲ್ಲ, ಹೌದೋ ಅಲ್ಲವೋ ಎಂದು ಸಂದೇಹಪಡುವುದಿಲ್ಲ, ಕುದುರೆಯ ಹಾಗಿದೆ ಎಂದು ಉಪಮೆಗೂ ನಿಲ್ಲಿಸುವುದಿಲ್ಲ, ಈ ನಾಲ್ಕಕ್ಕೂ ಹೊರತಾದ ಒಂದು ಬಗೆಯಲ್ಲಿ ಅದನ್ನು ಕುದುರೆಯೆಂದು ಕಾಣುತ್ತೇವೆ. ಎಂಬತ್ತರ ವಯಸ್ಸಿನಲ್ಲಿ ಮನುಷ್ಯನ ಗತಜೀವನವೇ ಅವನಿಗೆ ಇಂಥ ಚಿತ್ರದ ಕುದುರೆಯಾಗಿಬಿಡುವುದೆಂದು ನನಗೆ ತೋರುತ್ತದೆ. ಕವಿಯು ಕಥೆಗೆ ಮಾಡುವುದನ್ನು ಮುಪ್ಪು ನೆನಪಿಗೆ ಮಾಡುವುದು. ನನ್ನದೆಂಬ ಜಿಡ್ಡನ್ನು ವರ್ಷಗಳು ತೊಳೆದು ತೊಳೆದು ತೆಗೆಯುವವು. ಆದಕಾರಣ ಯೌವನಸ್ಥನಲ್ಲಿ ವಿಘ್ನವಾಗುವ ಸ್ವಂತ ನೆನಪು ಈ ವೃದ್ಧರಲ್ಲಿ ವಿಘ್ನವಾಗದೆ ರಸದ ಸಾಮಗ್ರಿಯೇ ಆಗಬಲ್ಲುದು. ಅಭಿನವಗುಪ್ತನು ಇದಕ್ಕೆ ಒಪ್ಪದಿದ್ದರೆ, ಆತನು ಕಲ್ಯಾಣದ ಅಜ್ಜಿಯನ್ನು ನೋಡಿಲ್ಲವೆಂದು ವಿನಯದಿಂದಲೇ ಹೇಳುವೆನು.

ಎಲ್ಲ ವೃದ್ಧರೂ ಹೀಗೆ ಪಕ್ವವಾಗಿರುತ್ತಾರೆಂದಲ್ಲ. ನೆರುಲ್‌ನಲ್ಲಿ ಒಬ್ಬ ನಿವೃತ್ತ ಗುಮಾಸ್ತರು ಚಿತ್ರ, ವರ್ಷ, ಗಾಯಕ, ರಾಗ ಎಂದು ಅಂಕಣ ಎಳೆದು ಬರೆದ ನಲವತ್ತಕ್ಕೂ ಹೆಚ್ಚು ಉದ್ದ ವಹಿಗಳನ್ನು ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದಾರೆ. ಬೀಳಗಿಯ ಅಮೀರಬಾಯಿ ಕರ್ನಾಟಕಿಯವರು ಹಾಡಿದ ಒಂದು ಗೀತದ ವರ್ಷವನ್ನು ನಾನು ತಪ್ಪಾಗಿ ಹೇಳಿದುದಕ್ಕೆ ಅವರು ಅರ್ಧ ತಾಸು ನನ್ನೊಡನೆ ಮಾತು ಬಿಟ್ಟರು. ಇಂಥವರ ವಿಷಯದಲ್ಲಿ ವಿದ್ಯಾರಣ್ಯರು ಸರಿ. ಆದರೆ ಅವರು ಮಲಿನವಾಸನೆಗಳನ್ನು ವಿಂಗಡಿಸುವಾಗ ಲೋಕವಾಸನೆ, ದೇಹವಾಸನೆಗಳ ಸಾಲಿನಲ್ಲಿ ಶಾಸ್ತ್ರವಾಸನೆಯನ್ನೂ ಸೇರಿಸಿ, ವೇದಪಾಠದ ವ್ಯಸನಕ್ಕೆ ಸಾಕ್ಷಾತ್ ಭರದ್ವಾಜ ಮುನಿಯನ್ನೇ ಉದಾಹರಿಸಿರುವುದನ್ನು ಮರೆಯಬಾರದು. ಆ ಮುನಿಯು ಮೂರು ಆಯುಷ್ಯಗಳನ್ನು ಅಧ್ಯಯನದಲ್ಲಿ ಕಳೆದು ಜೀರ್ಣನಾಗಿ ಮಲಗಿದ್ದಾಗ ಇಂದ್ರನು ಬಂದು, ನಾಲ್ಕನೆಯದನ್ನು ಕೊಟ್ಟರೆ ಏನು ಮಾಡುವೆ ಎನ್ನಲು, ಮತ್ತೂ ಓದುವೆನೆಂದನಂತೆ. ಇಂದ್ರನು ಮೂರು ಪರ್ವತಗಳನ್ನು ತೋರಿಸಿ, ಒಂದೊಂದರಿಂದ ಒಂದೊಂದು ಹಿಡಿ ತೆಗೆದು, ನೀನು ಓದಿದುದು ಇಷ್ಟು ಎಂದನಂತೆ. ನಲವತ್ತು ವಹಿಗಳ ಗುಮಾಸ್ತರು ಇರುವುದು ಸಾಮಾನ್ಯರ ಪಂಕ್ತಿಯಲ್ಲಲ್ಲ.

ಅದೇ ಗ್ರಂಥದಲ್ಲಿ ಶುದ್ಧವಾಸನೆಯ ಮಾತೂ ಇದೆ. ಅದನ್ನು ಹುರಿದ ಬೀಜಕ್ಕೆ ಹೋಲಿಸಿದೆ. ಬೀಜದ ಆಕಾರವಿದೆ, ಮೊಳಕೆಯ ಶಕ್ತಿಯಿಲ್ಲ. ಇದನ್ನು ಓದುವಾಗಲೆಲ್ಲ ನನಗೆ ಟಾಕೀಸಿನ ಮಧ್ಯಂತರದಲ್ಲಿ ಕಾಗದದ ಸುರುಳಿಯಲ್ಲಿ ಕೊಡುತ್ತಿದ್ದ ಹುರಿದ ಶೇಂಗಾದ ನೆನಪಾಗುವುದು. ಶಾಸ್ತ್ರದ ವಿಷಯದಲ್ಲಿ ಇದು ಲಘುತ್ವವಾದರೆ ಓದುಗರು ಕ್ಷಮಿಸಬೇಕು. ಬಿತ್ತಿದರೆ ಬೆಳೆಯದು, ತಿಂದರೆ ರುಚಿಸುವುದು. ಪರದೆಯ ಮೇಲಿನ ಪ್ರೇಮವನ್ನು ಅರುವತ್ತು ವರ್ಷ ನೋಡಿದ ಮುದುಕನು ಅದರಿಂದ ಇಂದು ಯಾವ ಪ್ರೇಮಕ್ಕೂ ಹೊರಡುವುದಿಲ್ಲ, ಖಳನನ್ನು ನೋಡಿ ಯಾರ ಮೇಲೂ ಕೈಯೆತ್ತುವುದಿಲ್ಲ. ಬಯಕೆಯ ಕಾವಿನಲ್ಲಿಯೇ ಬೀಜವು ಹುರಿದುಹೋಗಿದೆ.

ಅಂದಮೇಲೆ ಮೊಳೆಯುವ ಬೀಜವು ಯಾರ ಕೈಯಲ್ಲಿದೆ? ನಿಜ ಹೇಳುವುದಾದರೆ, ಕ್ಯಾಮೆರಾ ಹಿಡಿದವನ ಕೈಯಲ್ಲಿ. ನಮ್ಮ ಭಾಷೆಯಲ್ಲಿ ಈ ಬಗೆಯ ಚಿತ್ರಕ್ಕೆ ಸಾಕ್ಷ್ಯಚಿತ್ರವೆಂದು ಹೆಸರಿಟ್ಟವರು ಬಹುಶಃ ನ್ಯಾಯಾಲಯವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು. ವೇದಾಂತದಲ್ಲಿಯಾದರೋ ಸಾಕ್ಷಿಯೆಂದರೆ ನೋಡುವವನು, ಸಾಕ್ಷ್ಯವೆಂದರೆ ನೋಡಲ್ಪಡುವುದು. ಸಾಕ್ಷಿಗೆ ಯಾವ ಅಪೇಕ್ಷೆಯೂ ಇಲ್ಲ. ನನ್ನ ಸ್ನೇಹಿತನಿಗೆ ಇದೆ. ವೃದ್ಧರು ಅತ್ತರೆ ಅವನಿಗೆ ಒಳಗೊಳಗೇ ಸಂತೋಷ; ಅಳದೆ ಎದ್ದುಹೋದರೆ ಕಸಿವಿಸಿ. ಯಾವುದಾದರೂ ಚಿತ್ರೋತ್ಸವದವರು ಕರೆಯಬಹುದೆಂಬ ಆಸೆ ಬೇರೆ. ಇದು ವಿದ್ಯಾರಣ್ಯರು ಹೇಳಿದ ಲೋಕವಾಸನೆಯೇ ಸರಿ. ಅವನ ಮಗ್ಗುಲಲ್ಲಿ ಕುಳಿತು ಅವರ ಮಾತುಗಳನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಂಡ ನಾನೂ ಇದರಿಂದ ಹೊರತಲ್ಲ.

ಅಪೇಕ್ಷೆಯಿಲ್ಲದ ಸಾಕ್ಷಿಯನ್ನು ನಾನು ಕಂಡುದು ಒಂದೇ ಕಡೆ. ಕಲ್ಯಾಣದಲ್ಲಿಯೇ, ಮುಚ್ಚಿಹೋದ ಒಂದು ಟಾಕೀಸಿನಲ್ಲಿ ಮೂವತ್ತು ವರ್ಷ ಆಪರೇಟರ್ ಆಗಿದ್ದವರು ಅವರು. ನಿಮಗೆ ಯಾವ ಪಿಕ್ಚರ್ ಮೆಚ್ಚಿಗೆ ಎಂದು ಕೇಳಿದರೆ, “ನಾನು ನೋಡಿದವನಲ್ಲ, ತೋರಿಸಿದವನು” ಎಂದರು. ಸಾವಿರ ಅಡಿಯ ಒಂದು ರೀಲು ಹನ್ನೊಂದು ನಿಮಿಷ ಓಡುವುದು. ಮುಗಿಯುವ ಮುನ್ನ ಪರದೆಯ ಮೇಲಿನ ಬಲಮೂಲೆಯಲ್ಲಿ ಒಂದು ಚುಕ್ಕೆ ಕ್ಷಣಮಾತ್ರ ಹೊಳೆಯುವುದು. ಆಗ ಎರಡನೆಯ ಯಂತ್ರದ ಮೋಟಾರನ್ನು ಚಾಲೂ ಮಾಡಬೇಕು. ಕೆಲವೇ ಸೆಕೆಂಡುಗಳಲ್ಲಿ ಇನ್ನೊಂದು ಚುಕ್ಕೆ, ಆಗ ಬೆಳಕನ್ನು ಬದಲಿಸಬೇಕು. ಕೆಳಗೆ ಐನೂರು ಜನ ಅಳುತ್ತಿರಲಿ ನಗುತ್ತಿರಲಿ, ಕಿಂಡಿಯ ಹಿಂದೆ ನಿಂತ ಇವರು ನೋಡುತ್ತಿದ್ದುದು ಆ ಬಲಮೂಲೆಯನ್ನು ಮಾತ್ರ. ಒಂದೇ ಮರದ ಮೇಲೆ ಒಂದು ಹಕ್ಕಿ ಹಣ್ಣು ತಿನ್ನುವುದೆಂದೂ ಇನ್ನೊಂದು ತಿನ್ನದೆ ನೋಡುವುದೆಂದೂ ಉಪನಿಷತ್ತು ವರ್ಣಿಸುವುದಷ್ಟೆ. ಆ ಎರಡನೆಯ ಹಕ್ಕಿಗೆ ತಿಂಗಳ ಸಂಬಳವಿತ್ತೆಂದು ನನಗೆ ಗೊತ್ತಿರಲಿಲ್ಲ.

ಸೆಕೆಂಡಿಗೆ 24 ಚಿತ್ರಗಳು. ಒಂದು ಚಿತ್ರ ಸರಿದು ಇನ್ನೊಂದು ಬಂದು ನಿಲ್ಲುವಷ್ಟರಲ್ಲಿ ಯಂತ್ರದ ರೆಪ್ಪೆ ಮುಚ್ಚುವುದರಿಂದ, ಮೂರು ಗಂಟೆಯ ಚಿತ್ರದಲ್ಲಿ ಹೆಚ್ಚುಕಡಿಮೆ ಒಂದೂವರೆ ಗಂಟೆ ಪರದೆಯು ಕತ್ತಲೆಯಲ್ಲಿರುತ್ತದೆ. ನೋಡಿದೆವೆಂದು ನಾವು ಆಣೆಯಿಟ್ಟು ಹೇಳುವ ಓಟ, ನಡಿಗೆ, ಕಣ್ಣೀರಿನ ಇಳಿತ ಯಾವುದೂ ಫಿಲ್ಮಿನ ಪಟ್ಟಿಯಲ್ಲಿ ಇಲ್ಲ. ಎಲ್ಲವೂ ಕ್ಷಣಿಕವೆಂದು ಸಾಧಿಸಿದ ಬೌದ್ಧ ತಾರ್ಕಿಕರು ದೀಪದ ಜ್ವಾಲೆಯ ದೃಷ್ಟಾಂತದಿಂದ ಹೇಳಿದುದು ಇದನ್ನೇ. ಹಾಗಾದರೆ ನೆನಪಿಟ್ಟುಕೊಂಡವನು ಯಾರು ಎಂದು ನೈಯಾಯಿಕರು ಅವರನ್ನು ಕೇಳಿದರು. ಆ ವಾದವು ತೀರುವಂತಹುದಲ್ಲ.

ಮಾತಿನ ಕೊನೆಯಲ್ಲಿ ಆಪರೇಟರರು ಮಂಚದ ಕೆಳಗಿನಿಂದ ಒಂದು ದುಂಡನೆಯ ತಗಡಿನ ಡಬ್ಬಿಯನ್ನು ಎಳೆದು ತೆಗೆದರು. ಟಾಕೀಸು ಮುಚ್ಚಿದಾಗ ಕಸದೊಡನೆ ಹೊರಬಿದ್ದುದಂತೆ. ತುಕ್ಕು ಹಿಡಿದ ಮುಚ್ಚಳವನ್ನು ಚಮಚೆಯ ಹಿಡಿಯಿಂದ ಎಬ್ಬಿಸಿದೊಡನೆ ಕೋಣೆಯ ತುಂಬ ಹುಳಿಹುಳಿಯಾದ, ಮೂಗಿಗೆ ಚುಚ್ಚುವ, ಉಪ್ಪಿನಕಾಯಿಗೆ ಹಾಕುವ ಸಿರ್ಕಾದಂತಹ ವಾಸನೆ ಹರಡಿತು. ಒಳಗೆ ಫಿಲ್ಮು ಅಂಚು ಮುರುಟಿಕೊಂಡು, ಒಣಗಿದ ಬಾಳೆಯ ಸಿಪ್ಪೆಯಂತೆ ಬಿರುಸಾಗಿತ್ತು. ಅಸಿಟೇಟಿನ ಫಿಲ್ಮು ಶೆಕೆ ಮತ್ತು ತೇವಗಳಲ್ಲಿ ಕೊಳೆಯುವಾಗ ಅಸಿಟಿಕ್ ಆಮ್ಲವನ್ನು ಬಿಡುವುದು. ಆ ಆಮ್ಲವೇ ಕೊಳೆತವನ್ನು ಇನ್ನಷ್ಟು ಬೇಗ ಮುಂದುವರಿಸುವುದು. ಪಕ್ಕದ ಡಬ್ಬಿಗಳಿಗೂ ತಗಲುವುದು. ಅಕ್ಷರಶಃ ವಾಸನೆ, ಅಕ್ಷರಶಃ ಕ್ಷಯ. ಈ ಕ್ಷಯದಿಂದ ಯಾರಿಗೂ ಮುಕ್ತಿ ದೊರೆತುದನ್ನು ನಾನು ಕೇಳಿಲ್ಲ. ಕನ್ನಡದ ಮೊದಲ ವಾಕ್ಚಿತ್ರ, ಕೊಲ್ಲಾಪುರದಲ್ಲಿ ಚಿತ್ರಿತವಾಗಿ 1934ರಲ್ಲಿ ತೆರೆಕಂಡ ‘ಸತಿ ಸುಲೋಚನ’ದ ಪ್ರತಿ ಇಂದು ಇಲ್ಲ, 1931ರ ‘ಆಲಂ ಆರಾ’ದ್ದೂ ಇಲ್ಲ. ಮೂಕಿಚಿತ್ರಗಳನ್ನು ಅವುಗಳಲ್ಲಿದ್ದ ಬೆಳ್ಳಿಗಾಗಿ ಕರಗಿಸಿ ತೆಗೆದವರಿದ್ದರು. ಸಾವಿರಕ್ಕೂ ಮಿಕ್ಕ ಅಂಥ ಚಿತ್ರಗಳಲ್ಲಿ ಇಡಿಯಾಗಿ ಉಳಿದವು ಬೆರಳೆಣಿಕೆಯಷ್ಟು. ಉಳಿದಿರುವಷ್ಟಕ್ಕೆ ಬಹುಮಟ್ಟಿಗೆ ಕಾರಣರಾದ ಪಿ. ಕೆ. ನಾಯರರು, 1964ರಲ್ಲಿ ಸ್ಥಾಪಿತವಾದ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವನ್ನು ಕಟ್ಟಿ ಬೆಳೆಸಿ, ಯಾವ ದೃಶ್ಯ ಯಾವ ರೀಲಿನಲ್ಲಿದೆಯೆಂಬುದನ್ನೂ ನೆನಪಿನಿಂದ ಹೇಳುತ್ತಿದ್ದವರು. ಹುಡುಗನಾಗಿದ್ದಾಗ ಟಿಕೇಟಿನ ಚೂರುಗಳನ್ನು ಕೂಡಿಟ್ಟವರು. ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣನವರ ನೀನಾಸಂ ಸಂಸ್ಥೆಯು ಅಡಕೆಯ ತೋಟದವರಿಗೆ ಜಗತ್ತಿನ ಮಹಾಚಿತ್ರಗಳನ್ನು ತೋರಿಸಿದಾಗ ನಾಯರರ ಸಂಗ್ರಹಾಲಯವು ಒತ್ತಾಸೆಯಾಗಿ ನಿಂತಿತು. ಅವರನ್ನು ಕುರಿತು ಶಿವೇಂದ್ರ ಸಿಂಗ್ ಡುಂಗರ್‌ಪುರರು 2012ರಲ್ಲಿ ‘ಸೆಲ್ಯುಲಾಯ್ಡ್ ಮ್ಯಾನ್’ ಎಂಬ ಸಾಕ್ಷ್ಯಚಿತ್ರವನ್ನು ಮಾಡಿದರು. ನಾಯರರಿಗೂ ವಾಸನೆಯಿತ್ತು, ಅದು ಕ್ಷಯಿಸದಿದ್ದುದು ದೇಶದ ಪುಣ್ಯ.

ಡೊಂಬಿವಲಿಯ ಯಜಮಾನರಿಗೆ ಇದೆಲ್ಲವನ್ನೂ ಸಂಕ್ಷೇಪವಾಗಿ, ಹುರಿದ ಬೀಜದ ದೃಷ್ಟಾಂತದೊಡನೆ, ಮೊನ್ನೆ ಹೇಳಿದೆನು. ಅವರು ಸಾವಧಾನದಿಂದ ಕೇಳಿ, “ಅದು ಸರಿ ಮಾಷ್ಟ್ರೇ, ಆದರೆ ಹಲ್ಲಿಲ್ಲದವನಿಗೆ ಹುರಿದದ್ದು ಕೊಟ್ಟರೆ ಎಂತ ಮಾಡುವುದು?” ಎಂದರು. ಉತ್ತರ ನನಗೆ ತೋಚಲಿಲ್ಲ. ಕ್ಯಾಮೆರಾ ಆ ದಿನವೂ ಇರಲಿಲ್ಲ.

ಓದುಗರಲ್ಲಿ ಒಂದು ಬಿನ್ನಹವಿದೆ. ಥಾಣೆಯಿಂದ ಕಲ್ಯಾಣದವರೆಗಿನ, ಅಥವಾ ಊರ ಕಡೆಯ, ನಿಮ್ಮ ಮನೆಯ ಅಟ್ಟದಲ್ಲಿಯೋ ಮಂಚದಡಿಯಲ್ಲಿಯೋ ಇಂಥ ತಗಡಿನ ಡಬ್ಬಿ ಇದ್ದರೆ, ಹುಳಿಯ ವಾಸನೆ ಬಂದಿತೆಂದು ಅದನ್ನು ಗುಜರಿಯವನಿಗೆ ಹಾಕಬೇಡಿ, ಬಿಸಿಲಿಗೆ ಇಡಬೇಡಿ, ಬೆಂಕಿಯ ಬಳಿಗಂತೂ ಒಯ್ಯಲೇಬೇಡಿ. ಬೇರೆ ಡಬ್ಬಿಗಳಿಂದ ದೂರ ತೆಗೆದು, ತಂಪಾದ ಕಡೆ ಇರಿಸಿ, ಪುಣೆಯ ಸಂಗ್ರಹಾಲಯಕ್ಕೆ ಒಂದು ಕಾಗದ ಬರೆಯಿರಿ.